ಮಾರ್ಚ್‌ನಲ್ಲಿ ಇಲ್ಲದ ಹೆಸರು

ನಾಲ್ಕು ನಕ್ಷೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಆಲ್ಬೋರ್ನ್ ಮೂರನೆಯದರ ಮೂಲೆಯ ಮೇಲೆ ಬೆರಳಿಟ್ಟ.

"ಇದೊಂದರಲ್ಲಿ ಮಾತ್ರ ಹೆಸರು ಬೇರೆ ಇದೆಯಲ್ಲ, ಫ್ರೌ ಕ್ನೀಪ್. ಯಾಕೆ?"

ಗೋಡೆಯ ಗಡಿಯಾರದಲ್ಲಿ ಒಂದೂ ಇಪ್ಪತ್ತು. ಸಂಜೆ ನಾಲ್ಕಕ್ಕೆ ಹ್ಯಾನೋವರ್‌ನಿಂದ ರಹಸ್ಯ ಪೊಲೀಸರ ಕಾರು ಬಂದು ಗೇಸಾ ಲೂಡರ್ಸ್ ಎಂಬ ಇಪ್ಪತ್ತಾರು ವರ್ಷದ ನಕ್ಷೆಗಾರ್ತಿಯನ್ನು ಕರೆದುಕೊಂಡು ಹೋಗಲಿತ್ತು. ಸೋಮವಾರ ಪರೀಕ್ಷೆಯ ಮೈದಾನದಲ್ಲಿ ವಿಮಾನ ಹೊಡೆದುರುಳಿಸುವ ಫ್ಲಾಕ್ ಎಂಬ ಹೊಸ ಫಿರಂಗಿಯ ನಳಿಗೆ ಸಿಡಿದು ಮೂವರು ಸತ್ತಿದ್ದರು. ಅದಕ್ಕೆ ಅವಳು ಬರೆದ ತಪ್ಪು ಅಳತೆಯೇ ಕಾರಣ, ಅದನ್ನೂ ಬೇಕೆಂದೇ ಬರೆದದ್ದು ಎಂಬುದು ಆರೋಪ. ಆ ಕಾರು ಹತ್ತಿದವರು ವಾಪಸು ಬಂದದ್ದನ್ನು ಎಶ್‌ಲೋಹೆ ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಆಲ್ಬೋರ್ನ್ ಜಿಲ್ಲೆಯ ಪತ್ತೇದಾರ. ಐವತ್ತೆಂಟು ವರ್ಷ, ಹೊಟ್ಟೆ ಹುಣ್ಣು, ಎರಡು ಕೋಟು. ನಾಲ್ಕರವರೆಗೆ ಸಮಯ ಕೊಡಿ ಎಂದು ಅವನು ಮೇಲಿನವರನ್ನು ಬೇಡಿಕೊಂಡಿದ್ದ. ಕೊಟ್ಟಿದ್ದರು, ಮೂಗು ಮುರಿದುಕೊಂಡೇ.

ಫ್ರೌ ಕ್ನೀಪ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದಳು. ರೋಟ್‌ಕಾಂಪ್ ಕಾರ್ಖಾನೆಯ ನಕ್ಷೆ ಉಗ್ರಾಣವನ್ನು ಆಕೆ ನೋಡಿಕೊಳ್ಳುತ್ತಿದ್ದದ್ದು ಇಪ್ಪತ್ತೆರಡು ವರ್ಷದಿಂದ. ಈಗ ಉಟ್ಟಿದ್ದ ಕಪ್ಪು ಉಡುಪಿಗೆ ಮೂರೇ ದಿನ. ಸತ್ತ ಮೂವರಲ್ಲಿ ಒಬ್ಬ ಆಕೆಯ ಮಗ ಹಿನ್ರಿಖ್. ಅವನೂ ನಕ್ಷೆಗಾರನೇ. ತಾನು ಕಾಗದದ ಮೇಲೆ ಗೆರೆ ಎಳೆದ ಫಿರಂಗಿ ಹೇಗೆ ಹೊಡೆಯುತ್ತದೆ ನೋಡಬೇಕೆಂದು ಅವತ್ತು ಮೈದಾನಕ್ಕೆ ಹೋಗಿದ್ದ. ಮಣ್ಣು ಮಾಡಿ ಬಂದ ಮಾರನೆಯ ದಿನವೇ ತಾಯಿ ಕೆಲಸಕ್ಕೆ ಬಂದಿದ್ದಳು. ಯುದ್ಧ ನಡೆಯುತ್ತಿರುವಾಗ ಅಳುವುದಕ್ಕೂ ರಜೆ ಸಿಗುವುದಿಲ್ಲ.

"ಓದಿ ನೋಡೋಣ," ಎಂದಳು.

"ಹದಿನಾಲ್ಕು, ಹದಿನೈದು, ಹದಿನೇಳು, ಮೂರರಲ್ಲೂ 'ಸಾಧನ 61' ಅಂತಿದೆ. ಈ ಹದಿನಾರರಲ್ಲಿ 'ಫ್ಲಾಕ್ 42' ಅಂತಿದೆ. ನಾಲ್ಕಕ್ಕೂ ತಾರೀಖು ಒಂದೇ, ಮಾರ್ಚ್ ಹನ್ನೊಂದು. ಅಳತೆ ತಪ್ಪಿರೋದೂ ಈ ಹದಿನಾರರಲ್ಲೇ."

ಆಕೆ ಕಿಟಕಿಯ ಕಡೆ ನೋಡುತ್ತ ಉತ್ತರ ಕೊಟ್ಟಳು. "ನಿಮ್ಮನೇಲಿ ಮಗುಗೆ ಯಾವಾಗ ಹೆಸರಿಡ್ತೀರಿ, ಹೆರ್ ಆಲ್ಬೋರ್ನ್? ಹುಟ್ಟೋ ಮುಂಚೆ ಇಡ್ತೀರಾ?"

"ನನಗೆ ಮಕ್ಕಳಿಲ್ಲ."

"ಇದ್ದಿದ್ರೆ ಗೊತ್ತಾಗಿರೋದು. ಇಲ್ಲೂ ಹಾಗೇ. ಕಾಗದದ ಮೇಲಿರೋ ತನಕ ಅದು ಬರೀ ಸಾಧನ, ಒಂದು ನಂಬರು, ಅಷ್ಟೇ. ಬರ್ಲಿನ್ನಿನ ಒಪ್ಪಿಗೆ ಮಂಡಳಿಯವರು ಬಂದು, ಹೊಡೆಸಿ ನೋಡಿ, ಹೊಟ್ಟೆ ತುಂಬ ಉಂಡು, ರುಜು ಹಾಕಿದ ಮೇಲೇ ಅದಕ್ಕೆ ವರ್ಷದ ಹೆಸರು, ನಲವತ್ತೆರಡರ ಫ್ಲಾಕ್ ಅಂತ."

"ಆ ವರ್ಷವಾದರೂ ನಿಜಾನಾ?"

"ಎಲ್ಲಿ ನಿಜ. ಆ ಹದಿನೆಂಟು ಇದೆಯಲ್ಲ, ಊರಿಗೆಲ್ಲ ಗೊತ್ತಿರೋ ಫಿರಂಗಿ, ಅದು ಹದಿನೆಂಟನೇ ಇಸವಿಯಲ್ಲಿ ಹುಟ್ಟಿದ್ದೇ ಅಲ್ಲ. ಹೋದ ಯುದ್ಧ ಸೋತ ಮೇಲೆ ಒಪ್ಪಂದದ ಪ್ರಕಾರ ನಾವು ಹೊಸದು ಮಾಡೋ ಹಾಗಿರಲಿಲ್ಲ. ನಮ್ಮವರು ಸ್ವೀಡನ್ನಿಗೆ ಹೋಗಿ ಕೂತು ಬರೆದು ತಂದ್ರು. ಹಳೇ ಯುದ್ಧದ್ದು ಅಂತ ಕಾಣಲಿ ಅಂತ ಹದಿನೆಂಟು ಅಂತ ಹೆಸರಿಟ್ರು. ಆಮೇಲೆ ಮೂವತ್ತೇಳನೇ ಸಾಧನ ಬಂತು. ಮೂವತ್ತೇಳು ಅನ್ನೋ ಫಿರಂಗಿ ಆಗಲೇ ಇತ್ತಲ್ಲ, ಗಲಿಬಿಲಿ ಆಗುತ್ತೆ ಅಂತ ನಲವತ್ತೊಂದು ಮಾಡಿಬಿಟ್ರು. ಹೆಸರಿಡೋರಿಗೆ ಬೇಕಾದ್ದು ನಿಜ ಅಲ್ಲ, ಅನುಕೂಲ."

ದೂರದ ಮೈದಾನದಲ್ಲಿ ಒಂದು ಫಿರಂಗಿ ಹಾರಿತು. ಬೀರುವಿನ ಗಾಜು ಗಲಗಲ ಎಂದಿತು. ಮೂವರು ಸತ್ತರೂ ಪರೀಕ್ಷೆ ನಿಂತಿರಲಿಲ್ಲ.

"ಈ ಅರವತ್ತೊಂದಕ್ಕೆ ಹೆಸರಿಟ್ಟದ್ದು ಯಾವಾಗ?" ಎಂದ ಆಲ್ಬೋರ್ನ್.

"ಜೂನ್ ಒಂಬತ್ತು. ಅವತ್ತು ಪಡಿತರದ ಕೂಪನ್ ಕೇಳದೆ ಎಲ್ಲರಿಗೂ ಹಂದಿ ಮಾಂಸ ಬಡಿಸಿದ್ರು. ಮರೆಯೋಕಾಗುತ್ತಾ?"

"ಹಳೇ ಹಾಳೆಗೆ ಆಮೇಲೆ ಹೊಸ ಹೆಸರು ಬರೆದಿರಬಹುದಲ್ಲ?"

"ಬರೀಬಹುದು. ಆದ್ರೆ ಬ್ಲೇಡಲ್ಲಿ ಕೆರೆದು ಬರೀಬೇಕು. ಬೆಳಕಿಗೆ ಹಿಡಿದು ನೋಡಿ."

ಆಲ್ಬೋರ್ನ್ ಹಾಳೆಯನ್ನು ಕಿಟಕಿಗೆ ಹಿಡಿದ. ನಕ್ಷೆಯ ಮೂಲ ಪ್ರತಿಯನ್ನು ಇವರು ಬರೆಯುತ್ತಿದ್ದದ್ದು ಬೆಳಕು ತೂರುವ ತೆಳು ಬಟ್ಟೆಯ ಮೇಲೆ. ಒಂದು ಅಕ್ಷರ ಕೆರೆದರೂ ಅಲ್ಲಿ ಮಸುಕು ಮಚ್ಚೆ ಉಳಿಯುತ್ತದೆ. ಇಲ್ಲಿ ಮಚ್ಚೆಯಿರಲಿಲ್ಲ. ನಳಿಗೆಯ ಗೋಡೆ ಮೂವತ್ತೊಂದು ಮಿಲಿಮೀಟರ್ ದಪ್ಪ ಇರಬೇಕಾದ ಕಡೆ ಇಪ್ಪತ್ತೇಳು ಎಂದಿತ್ತು. ಅದೂ ಒಂದೇ ಏಟಿಗೆ ಬರೆದದ್ದೇ. ಕೆಳಗೆ ಬರೆದವರ ಚೌಕದಲ್ಲಿ ಗೇಸಾಳ ಹೆಸರಿನ ಎರಡು ಮೊದಲಕ್ಷರ. ಪರಿಶೀಲಿಸಿದವರ ಚೌಕ ಖಾಲಿ.

ಅಂದರೆ ಈ ಹಾಳೆ ಮಾರ್ಚ್‌ನದ್ದಲ್ಲ. ಜೂನ್ ಆದ ಮೇಲೆ ಯಾರೋ ಕೂತು ಹೊಸದಾಗಿ ಬರೆದು ಹಿಂದಿನ ತಾರೀಖು ಹಾಕಿದ್ದಾರೆ. ಆ ಹುಡುಗಿಯ ತಲೆಗೆ ಕಟ್ಟಿದ್ದಾರೆ.

"ನಿಮ್ಮ ಮಗ ಸತ್ತದ್ದು ಅವಳಿಂದ ಅಂತ ಎಲ್ಲರೂ ಹೇಳ್ತಿದ್ದಾರೆ," ಎಂದ ಆಲ್ಬೋರ್ನ್. "ನೀವು ಅವಳ ಪರ ಮಾತಾಡ್ತಿದ್ದೀರಿ."

"ನೀವು ಕೇಳಿದ್ರಿ, ನಾನು ಹೇಳಿದೆ," ಎಂದು ಆಕೆ ಉಳಿದ ಮೂರು ಹಾಳೆಗಳನ್ನು ಮಡಿಕೆ ಬೀಳದಂತೆ ಎತ್ತಿ ಡ್ರಾಯರಿಗೆ ಸೇರಿಸಿದಳು. "ಬೇಗ ಹೋಗಿ. ಒಂದೂವರೆ ಆಯ್ತು."

ಆಲ್ಬೋರ್ನ್ ಹದಿನಾರನೇ ಹಾಳೆಯನ್ನು ಸುರುಳಿ ಸುತ್ತಿ ಕೋಟಿನೊಳಗೆ ಇಟ್ಟುಕೊಂಡ. ಅಂಗಳದಲ್ಲಿ ಬೇಲಿಯಾಚೆಯ ಶಿಬಿರದಿಂದ ತಂದ ಪರದೇಶಿ ಕೂಲಿಗಳು ಉಕ್ಕಿನ ಗಟ್ಟಿಗಳನ್ನು ಹೊರುತ್ತಿದ್ದರು. ಅವನು ಎಂದಿನಂತೆ ನೆಲ ನೋಡಿಕೊಂಡು ನಡೆದ. ಇಂಥ ಕಡೆ ಕಣ್ಣು ಕೆಳಗಿಡುವುದು ಅವನಿಗೆ ಎಂಟು ಒಂಬತ್ತು ವರ್ಷದಿಂದ ರೂಢಿಯಾಗಿತ್ತು. ಅದರ ಬಗ್ಗೆ ಅವನಿಗೆ ನಾಚಿಕೆ ಇತ್ತು, ಆದರೂ ಕಣ್ಣು ಮೇಲೆ ಬರುತ್ತಿರಲಿಲ್ಲ.

ಕಾವಲುಗಾರನ ಕೋಣೆಯಿಂದ ಹ್ಯಾನೋವರ್‌ಗೆ ಫೋನ್ ಮಾಡಿದ. ರಹಸ್ಯ ಪೊಲೀಸಿನ ಸ್ಟ್ರೂವೆ ಎಂಬವನು ಸಿಕ್ಕಿದ. ಹಾಳೆ ಸುಳ್ಳು, ಮಾರ್ಚ್‌ನಲ್ಲಿ ಬರೆದದ್ದೇ ಅಲ್ಲ, ಜೂನ್ ಆದ ಮೇಲೆ ಸೃಷ್ಟಿಸಿದ್ದು, ಎರಡು ದಿನ ಕೊಟ್ಟರೆ ಸೃಷ್ಟಿಸಿದವರನ್ನೇ ಒಪ್ಪಿಸುತ್ತೇನೆ ಎಂದು ಆಲ್ಬೋರ್ನ್ ಒಂದೇ ಉಸಿರಿಗೆ ಹೇಳಿದ.

"ಒಳ್ಳೇ ಕೆಲಸ," ಎಂದಿತು ಆ ಕಡೆಯ ದನಿ. "ಹಾಳೆ ನಿಮ್ಮ ಹತ್ರಾನೇ ಇರ್ಲಿ. ಯಾರ ಕೈಗೂ ಕೊಡಬೇಡಿ."

ಎರಡು ದಿನದ ವಿಷಯ ಏನೂ ಹೇಳದೆ ಫೋನ್ ಇಟ್ಟಿತು. ಆಲ್ಬೋರ್ನ್ ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡ. ಮೂರು ದಿನದಲ್ಲಿ ಮೊದಲ ಸಲ ಅವನಿಗೆ ಹಸಿವಾಯಿತು. ಊಟದ ಮನೆಯಲ್ಲಿ ಉಳಿದಿದ್ದ ಗೆಡ್ಡೆ ಬಾರ್ಲಿಯ ಸಾರನ್ನು ನಿಂತೇ ಕುಡಿದ. ಇದ್ದ ಗೆಡ್ಡೆಯನ್ನೂ ಬಿಡಲಿಲ್ಲ.

ಇಂಥದ್ದನ್ನು ಸೃಷ್ಟಿಸಲು ಯಾರಿಗೆ ಅಗತ್ಯವಿತ್ತು ಎಂಬುದು ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಫಿರಂಗಿ ಒಡೆದರೆ ಮೊದಲು ಕತ್ತು ಹೋಗಬೇಕಾದದ್ದು ಮುಖ್ಯ ವಿನ್ಯಾಸಕನದ್ದು. ಆ ಮನುಷ್ಯ ಡಾಕ್ಟರ್ ಫಾರೆನ್‌ಹೋಲ್ಟ್. ಗೇಸಾಳ ಹೆಸರನ್ನು ತನಿಖೆಯವರಿಗೆ ಕೊಟ್ಟವನೂ ಅವನೇ.

ಫಾರೆನ್‌ಹೋಲ್ಟ್ ತನ್ನ ಕೋಣೆಯಲ್ಲಿ ಬಾರ್ಲಿ ಕಾಫಿ ಮುಂದಿಟ್ಟುಕೊಂಡು ಕೂತಿದ್ದ. ಕುಡಿದಿರಲಿಲ್ಲ. ಸೋಮವಾರದಿಂದ ಅವನು ಗಡ್ಡ ಹೆರೆದಿರಲಿಲ್ಲ.

"ಅಳತೆ ನಿಮ್ಮ ತಪ್ಪು," ಎಂದ ಆಲ್ಬೋರ್ನ್, ಕೂರದೆ. "ನಳಿಗೆ ಒಡೆದ ಮೇಲೆ ಗಾಬರಿ ಆಯ್ತು. ಮೂಲ ಹಾಳೆ ತೆಗೆದು ಹೊಸದು ಸೇರಿಸಿದ್ರಿ. ಒಂದು ಹೆಣ್ಣುಮಗಳ ಅಕ್ಷರ ಹಾಕಿ ನೀವು ಕೈ ತೊಳ್ಕೊಂಡ್ರಿ. ಆದ್ರೆ ಫಿರಂಗಿಗೆ ಆಗ ಹೆಸರಿರಲಿಲ್ಲ ಅನ್ನೋದು ಮರೆತುಹೋಯ್ತು."

ಅವನು ಹಾಳೆ ಬಿಚ್ಚಿ ಹಿಡಿದ. ಫಾರೆನ್‌ಹೋಲ್ಟ್ ಮೂಲೆಯ ಚೌಕವನ್ನು ಓದಿದ. ಅವನ ಮುಖದಲ್ಲಿ ಸಿಕ್ಕಿಬಿದ್ದವನ ಭಯ ಕಾಣಲಿಲ್ಲ. ಆಶ್ಚರ್ಯ ಕಂಡಿತು.

"ದೇವರೇ," ಎಂದ ಮೆಲ್ಲಗೆ. "ನಾನಿದನ್ನ ನೋಡೇ ಇರಲಿಲ್ಲ. ನಾವೆಲ್ಲ ಬರೀ ಇಪ್ಪತ್ತೇಳನ್ನೇ ನೋಡ್ತಾ ಕೂತಿದ್ವಿ."

"ನಾಟಕ ಬೇಡ."

"ಕೂತ್ಕೊಳ್ಳಿ, ಹೆರ್ ಆಲ್ಬೋರ್ನ್. ನಾನು ಹೇಡಿ, ಒಪ್ತೀನಿ. ಹೆಸರು ಹೇಳು ಅಂದ್ರು, ಹಾಳೆ ಮೇಲಿದ್ದ ಹೆಸರು ಹೇಳಿದೆ, ಒಂದು ಮಾತು ಅವಳ ಪರ ಆಡಲಿಲ್ಲ. ಆದ್ರೆ ಈ ಹೆಸರಿನ ಕಟ್ಟಳೆ ಈ ಕಾರ್ಖಾನೆಯಲ್ಲಿ ಜಾರಿಗೆ ತಂದವನೇ ನಾನು. ಜೂನ್‌ಗೆ ಮುಂಚೆ ಯಾರಾದ್ರೂ ಬಾಯಿತಪ್ಪಿ ಫ್ಲಾಕ್ ಅಂದ್ರೆ ಬೈದು ಕಳಿಸ್ತಿದ್ದೆ. ನಾನು ಸುಳ್ಳು ಹಾಳೆ ಬರೆದಿದ್ರೆ ಸರಿಯಾಗಿ ಬರೀತಿದ್ದೆ."

ಮೈದಾನದಲ್ಲಿ ಮತ್ತೊಂದು ಹಾರಿತು. ಕಾಫಿಯ ಮೇಲೆ ಸಣ್ಣ ಅಲೆ ಎದ್ದಿತು.

"ಹಾಗಾದ್ರೆ ಯಾರು?"

"ಜೂನ್‌ನಿಂದ ದಿನಕ್ಕೆ ಇಪ್ಪತ್ತು ಸಲ ಈ ಹೆಸರನ್ನ ಬರೆದು ಬರೆದು ಕೈಗೆ ಅಭ್ಯಾಸ ಆದವರು. ಆತುರದಲ್ಲಿದ್ದವರು. ಏಳರ ಅಡ್ಡಗೆರೆ ನೋಡಿ. ಸೊನ್ನೆ ನೋಡಿ. ಇದು ನಕಲು ಮಾಡಿದ ಕೈಯಲ್ಲ. ಆರು ವರ್ಷದಿಂದ ಆ ಹುಡುಗಿ ಬರೆದದ್ದನ್ನ ನೋಡಿದ್ದೀನಿ. ಇದು ಅವಳದೇ ಕೈ."

"ತನ್ನ ಕುತ್ತಿಗೆಗೆ ತಾನೇ ಹಗ್ಗ ಬರ್ಕೊಳ್ತಾರಾ?"

"ಅದು ನೀವು ಪತ್ತೆ ಮಾಡಬೇಕಾದ್ದು. ಹ್ಯಾನೋವರ್‌ಗೆ ಹೇಳಿಲ್ಲ ತಾನೇ?"

"ಹೇಳಿಬಿಟ್ಟೆ," ಎಂದು ಆಲ್ಬೋರ್ನ್ ಹಾಳೆಯನ್ನು ಮತ್ತೆ ಸುರುಳಿ ಸುತ್ತಿದ.

ಫಾರೆನ್‌ಹೋಲ್ಟ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ. "ಅಳತೆ ತಪ್ಪು ಬರೆದದ್ದಕ್ಕೆ ಕೈತಪ್ಪು ಅಂತ ವಾದ ಮಾಡಬಹುದಿತ್ತು. ಆಯುಧದ ನಕ್ಷೆಯನ್ನೇ ಸುಳ್ಳು ಸೃಷ್ಟಿಸಿದ್ದಕ್ಕೆ ಏನು ವಾದ ಮಾಡ್ತೀರಿ? ಅವಳನ್ನ ಉಳಿಸೋಕೆ ಅಂತ ಹೋಗಿ ಮುಗಿಸಿಬಿಟ್ರಲ್ಲ."

ಗೇಸಾಳನ್ನು ಕೂಡಿಹಾಕಿದ್ದದ್ದು ಗೇಟಿನ ಪಕ್ಕದ ಸಾಮಾನಿನ ಕೋಣೆಯಲ್ಲಿ. ಒಂದು ಬೆಂಚು, ಮೂಲೆಯಲ್ಲಿ ಕಬ್ಬಿಣದ ಒಲೆ, ಗೋಡೆಗೆ ಮಳೆಕೋಟುಗಳು. ಅವಳು ಬೆಂಚಿನ ತುದಿಯಲ್ಲಿ ಮೊಣಕಾಲು ಜೋಡಿಸಿ ಕೂತಿದ್ದಳು. ಬೆರಳುಗಳಿಗೆ ಇನ್ನೂ ಮಸಿ ಮೆತ್ತಿಕೊಂಡಿತ್ತು. ಆಲ್ಬೋರ್ನ್ ಕಾವಲುಗಾರನನ್ನು ಆಚೆ ಕಳಿಸಿ ಬಾಗಿಲು ಮುಂದೆ ಮಾಡಿದ. ಗಂಟೆ ಮೂರು.

"ಜೂನ್ ಒಂಬತ್ತಕ್ಕೆ ಹೆಸರಿಟ್ಟ ಫಿರಂಗಿಗೆ ಮಾರ್ಚ್‌ನಲ್ಲೇ ಹೆಸರು ಬರೆದಿದ್ದೀಯ," ಎಂದ.

ಅವಳು ಹಣೆಗೆ ಕೈ ಒತ್ತಿಕೊಂಡಳು, ಒಲೆಯ ಮೇಲೆ ಹಾಲು ಮರೆತು ಬಂದವಳಂತೆ.

"ಫ್ಲಾಕ್ ಅಂತ ಬರೆದೆನಾ?"

"ಬರೆದೆ."

"ಅಯ್ಯೋ," ಎಂದಳು. "ಸೋಮವಾರ ಸಂಜೆ ಬರೆದದ್ದು. ಯಾರಾದ್ರೂ ಬರೋದ್ರೊಳಗೆ ಮುಗಿಸಬೇಕಿತ್ತು. ಗೆರೆ ಸೊಟ್ಟ ಆಗಬಾರದು ಅನ್ನೋದೇ ಯೋಚನೆ. ಹೆಸರಿನ ಕಡೆ ಗಮನ ಹೋಗಲಿಲ್ಲ."

"ಮೂಲ ಹಾಳೆಯಲ್ಲಿ ಯಾರ ಅಕ್ಷರ ಇತ್ತು?"

ಅವಳು ಬೆರಳಿನ ಮಸಿ ತಿಕ್ಕತೊಡಗಿದಳು. ಆಲ್ಬೋರ್ನ್ ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತ. "ನಾನು ನಿನ್ನ ಪರ ಇದ್ದೀನಮ್ಮ. ನಂಬೋದು ಬಿಡೋದು ನಿನಗೆ ಬಿಟ್ಟದ್ದು. ಆದ್ರೆ ಹೊತ್ತಿಲ್ಲ."

"ಹಿನ್ರಿಖ್‌ದು," ಎಂದಳು. "ಹಿನ್ರಿಖ್ ಕ್ನೀಪ್. ಕ್ರಿಸ್ಮಸ್‌ಗೆ ಮದುವೆ ಮಾಡ್ಕೊಳ್ಳೋಣ ಅಂತಿದ್ವಿ. ಅವನ ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ನಳಿಗೆ ಒಡೆದ ದಿನ ಹಾಳೆ ತೆಗೆದು ನೋಡ್ದೆ. ಇಪ್ಪತ್ತೇಳು ಅಂತಿತ್ತು, ಕೆಳಗೆ ಅವನ ಅಕ್ಷರ. ಅವನು ಸತ್ತುಹೋಗಿದ್ದ. ಸತ್ತವನನ್ನ ದ್ರೋಹಿ ಅಂತಾರೆ. ಅಷ್ಟಕ್ಕೆ ಬಿಡ್ತಾರಾ? ಅವನ ಅಮ್ಮನನ್ನ ಹೊತ್ಕೊಂಡು ಹೋಗ್ತಾರೆ. ಮಗನಿಗೆ ಯಾರು ಹೇಳಿಕೊಟ್ರು ಅಂತ ಕೇಳ್ತಾರೆ. ನನಗಾದ್ರೆ ಹಿಂದೆ ಮುಂದೆ ಯಾರಿಲ್ಲ. ಕೈತಪ್ಪು ಅಂತ ಆರು ತಿಂಗಳು ಜೈಲು ಹಾಕ್ತಾರೆ ಅಂದ್ಕೊಂಡೆ."

"ಆರು ತಿಂಗಳು."

"ದಡ್ಡಿ ನಾನು." ಅವಳು ನಗಲು ನೋಡಿದಳು, ಆಗಲಿಲ್ಲ. "ನೀವು ಯಾರಿಗೂ ಹೇಳಿಲ್ಲ ತಾನೇ?"

ಇದನ್ನೇ ಅರ್ಧ ಗಂಟೆಯ ಹಿಂದೆ ಫಾರೆನ್‌ಹೋಲ್ಟ್ ಕೇಳಿದ್ದ. ಅವನಿಗೆ ನಿಜ ಹೇಳಿದ್ದ ಆಲ್ಬೋರ್ನ್ ಇವಳಿಗೆ ಹೇಳಲಾರದೆ ಒಲೆಯ ಕಡೆ ನೋಡಿದ. ಕಳೆದ ಮಾರ್ಚ್‌ನಲ್ಲೇ ಲ್ಯೂಬೆಕ್‌ನಲ್ಲಿ ಬಾಂಬು ಬಿದ್ದು ಅವನ ತಂಗಿಯ ಮನೆ ಸುಟ್ಟುಹೋಗಿತ್ತು. ಆಗಿನಿಂದ ಒಳ್ಳೆಯ ಫಿರಂಗಿ ಬೇಗ ಬರಲಿ ಎಂದು ಅವನೂ ಎಲ್ಲರಂತೆ ಹಾರೈಸಿದ್ದ. ಆ ಫಿರಂಗಿಗೆ ಇಂಥವರು ಬಲಿಯಾಗುತ್ತಾರೆಂದು ಯೋಚಿಸಿರಲಿಲ್ಲ. ತನ್ನ ಜಾಣತನದ ಮೇಲೆ ಅವನಿಗೆ ಅಸಹ್ಯ ಹುಟ್ಟಿತು.

"ಮೂಲ ಹಾಳೆ ಎಲ್ಲಿ? ಸುಟ್ಟೆಯಾ?"

"ಮನಸ್ಸು ಬರಲಿಲ್ಲ. ಅವನ ಕೈ ಬರಹ ಇನ್ನೇನೂ ನನ್ನ ಹತ್ರ ಇಲ್ಲ. ಉಗ್ರಾಣದಲ್ಲೇ ಹಳೇ ಗಾಡಿಗಳ ನಕ್ಷೆಗಳ ಕೆಳಗೆ ಇಟ್ಟೆ. ಅಲ್ಲಿಗೆ ಯಾರೂ ಕೈ ಹಾಕಲ್ಲ."

ಆಲ್ಬೋರ್ನ್ ಎದ್ದು ಒಲೆಯ ಬಾಗಿಲು ತೆರೆದ. ಕೆಂಡ ಚೆನ್ನಾಗಿತ್ತು. ಕೋಟಿನೊಳಗಿನ ಹದಿನಾರನೇ ಹಾಳೆ ಸುಟ್ಟರೆ ಸುಳ್ಳಿಗೂ ಸಾಕ್ಷಿಯಿಲ್ಲ, ತಪ್ಪಿಗೂ ಸಾಕ್ಷಿಯಿಲ್ಲ. ಹಾಳೆ ಕಳೆದುಕೊಂಡ ಮುದಿ ಪತ್ತೇದಾರ ಎಂದು ಕೆಲಸ ಹೋದೀತು. ಇನ್ನೂ ಏನೇನೋ ಹೋದೀತು. ಅವನು ಕೋಟಿನ ಗುಂಡಿ ಬಿಚ್ಚಿದ.

ಹೊರಗೆ ಜಲ್ಲಿಯ ಮೇಲೆ ಚಕ್ರ ಉರುಳಿದ ಸದ್ದಾಯಿತು. ಗಂಟೆ ಇನ್ನೂ ಮೂರೂ ಇಪ್ಪತ್ತು.

ಸ್ಟ್ರೂವೆ ಬಾಗಿಲು ತಟ್ಟದೆ ಒಳಗೆ ಬಂದ. ನಲವತ್ತರ ಆಸುಪಾಸು, ಸಣ್ಣ ದನಿ, ಒಳ್ಳೆಯ ಬೂಟು. ತೆರೆದಿದ್ದ ಒಲೆಯನ್ನೂ ಬಿಚ್ಚಿದ್ದ ಕೋಟನ್ನೂ ನೋಡಿದ.

"ಚಳಿ ಆಯ್ತಾ, ಹೆರ್ ಆಲ್ಬೋರ್ನ್? ಫೋನಿನಲ್ಲಿ ಅಷ್ಟು ಒಳ್ಳೇ ಸುದ್ದಿ ಕೊಟ್ರಿ, ಬೇಗ ಬರೋಣ ಅನಿಸ್ತು. ಹಾಳೆ ಕೊಡಿ."

ಕೈ ಚಾಚಿಯೇ ಇತ್ತು. ಆಲ್ಬೋರ್ನ್ ಕೊಟ್ಟ. ಕೊಡದೆ ಇರಬಹುದಿತ್ತು ಎಂದು ಆಮೇಲೆ ಅನಿಸೀತೇನೋ. ಆಗ ಅವನ ಕೈಗೆ ಬೇರೆ ದಾರಿ ತಿಳಿಯಲಿಲ್ಲ.

"ಸುಳ್ಳು ಹಾಳೆ ಮೇಲೆ ಇವಳ ಅಕ್ಷರ ಇದೆ ಅಂದ್ಮೇಲೆ ಬರೆದವಳು ಇವಳೇ, ಆದ್ರೆ ಒಬ್ಬಳೇ ಮಾಡಿದ್ದಲ್ಲ," ಎಂದ ಸ್ಟ್ರೂವೆ, ಹಾಳೆ ಸುತ್ತುತ್ತ. "ಉಗ್ರಾಣದಲ್ಲಿ ಹಾಳೆ ಬದಲಾಗಿದೆ. ಉಗ್ರಾಣ ನೋಡ್ಕೊಳ್ಳೋದು ಒಬ್ಬಳು ಹೆಂಗಸಂತಲ್ಲ. ಅವಳನ್ನೂ ಕರ್ಕೊಂಡು ಹೋಗ್ತೀವಿ."

ಗೇಸಾ ಎದ್ದು ನಿಂತಳು. "ಅವರಿಗೇನೂ ಗೊತ್ತಿಲ್ಲ. ಆಣೆಗೂ ಗೊತ್ತಿಲ್ಲ."

"ಗೊತ್ತಿದೆ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಫ್ರೌ ಕ್ನೀಪ್ ಹೊಸ್ತಿಲಲ್ಲಿ ನಿಂತಿದ್ದಳು. ತಲೆಗೆ ಟೋಪಿ, ಮೇಲೆ ಓವರ್‌ಕೋಟು, ಊರಿಗೆ ಹೊರಟವಳಂತೆ. ಕೈಯಲ್ಲಿ ಒಂದು ಸುರುಳಿ. ಒಳಗೆ ಬಂದು ಅದನ್ನು ಬೆಂಚಿನ ಮೇಲೆ ಬಿಚ್ಚಿ ನಾಲ್ಕು ಮೂಲೆಯನ್ನೂ ಅಂಗೈಯಿಂದ ಸವರಿದಳು.

"ಅಮ್ಮ, ಬೇಡ," ಎಂದಳು ಗೇಸಾ.

"ಸುಮ್ನಿರೇ. ಇಪ್ಪತ್ತೆರಡು ವರ್ಷದಿಂದ ನಾನಿಟ್ಟ ಹಾಳೆ ಒಂದು ಬೆರಳು ಆಚೀಚೆ ಆದ್ರೂ ನನಗೆ ಗೊತ್ತಾಗುತ್ತೆ. ಕೆಲಸಕ್ಕೆ ವಾಪಸು ಬಂದ ಬೆಳಿಗ್ಗೇನೇ ಸಿಕ್ತು ಇದು." ಆಕೆ ಸ್ಟ್ರೂವೆಯ ಕಡೆ ತಿರುಗಿದಳು. "ಇದೇ ನಿಜವಾದದ್ದು. ಬರೆದದ್ದು ನನ್ನ ಮಗ. ಇವಳಲ್ಲ. ಈ ಹುಡುಗೀನ ಬಿಡಿ."

ಆಲ್ಬೋರ್ನ್‌ಗೆ ಆಗ ಅರ್ಥವಾಯಿತು. ಮಧ್ಯಾಹ್ನ ಆಕೆ ಜೂನ್ ಒಂಬತ್ತರ ಹಂದಿ ಮಾಂಸದ ಕತೆ ಹೇಳಿದ್ದು ಬಾಯಿ ಚಪಲಕ್ಕಲ್ಲ. ಮೊದಲು ಆ ಹಾಳೆ ಸುಳ್ಳೆಂದು ಅವನಿಂದಲೇ ಸಾಬೀತಾಗಲಿ, ಆಗ ನಿಜವಾದದ್ದನ್ನು ನಂಬುತ್ತಾರೆ ಎಂದು ಕೈ ಹಿಡಿದು ನಡೆಸಿದಂತೆ ಅವನನ್ನು ಇಲ್ಲಿಗೆ ನಡೆಸಿದ್ದಳು. ಸೊಸೆಯಾಗಬೇಕಿದ್ದವಳನ್ನು ಉಳಿಸಲು ಸತ್ತ ಮಗನ ಹೆಸರನ್ನೂ ತನ್ನ ಜೀವವನ್ನೂ ಬೆಂಚಿನ ಮೇಲೆ ಇಟ್ಟಿದ್ದಳು.

"ಮಗ ಬರೆದದ್ದು," ಎಂದ ಸ್ಟ್ರೂವೆ. "ಇನ್ನೂ ಒಳ್ಳೇದಾಯ್ತು."

"ಪೂರ್ತಿ ನೋಡಿ ಮಾತಾಡಿ. ಇವಳು ಮಬ್ಬು ಬೆಳಕಲ್ಲಿ ಮುಂದಿನ ಮಗ್ಗುಲು ಮಾತ್ರ ನೋಡಿ ನಕಲು ತೆಗೆದಳು, ಪಾಪ. ಹಿಂದೆ ತಿರುಗಿಸಿ."

ಸ್ಟ್ರೂವೆ ತಿರುಗಿಸಿದ. ಅವನ ಹೆಗಲ ಪಕ್ಕದಲ್ಲೇ ನಿಂತಿದ್ದ ಆಲ್ಬೋರ್ನ್ ಓದಿದ. ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಎರಡು ಸಾಲು ಇತ್ತು. *ಗೋಡೆಯ ದಪ್ಪ ಮೂವತ್ತೊಂದರಿಂದ ಇಪ್ಪತ್ತೇಳಕ್ಕೆ ಇಳಿಸುವುದು. ಉಕ್ಕಿನ ಉಳಿತಾಯ, ವಿನ್ಯಾಸಕರನ್ನು ಕೇಳುವ ಅಗತ್ಯವಿಲ್ಲ.* ಕೆಳಗೆ ಬರ್ಲಿನ್ನಿನ ಒಪ್ಪಿಗೆ ಮಂಡಳಿಯ ಮೊಹರು, ಅಧ್ಯಕ್ಷನ ಪೂರ್ತಿ ರುಜು. ಜೂನ್‌ನಲ್ಲಿ ಫಿರಂಗಿಗೆ ಹೆಸರಿಟ್ಟ ಕೈಯೇ ಅದು.

ಹಿನ್ರಿಖ್ ತಪ್ಪು ಮಾಡಿರಲಿಲ್ಲ. ಹೇಳಿದ್ದನ್ನು ಬರೆದಿದ್ದ.

ಗೇಸಾ ಬಗ್ಗಿ ಓದಿದಳು. ಮೂರು ದಿನದಿಂದ ತಡೆದಿದ್ದ ಅಳು ಈಗ ಬಂತು. ಅದರಲ್ಲಿ ಅರ್ಧ ಸಂತೋಷವೇ ಇತ್ತು.

ಸ್ಟ್ರೂವೆಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನು ಎರಡು ಸಾಲನ್ನು ಎರಡು ಸಲ ಓದಿದ. ಆಮೇಲೆ ಹಾಳೆಯನ್ನು ಎರಡಾಗಿ ಮಡಚಿದ. ಮತ್ತೆ ನಾಲ್ಕಾಗಿ ಮಡಚಿದ. ಫ್ರೌ ಕ್ನೀಪ್‌ಳ ಬಾಯಿಂದ ಸಣ್ಣಗೆ ಒಂದು ಸದ್ದು ಬಂತು. ಅವನು ಒಲೆಯ ಹತ್ತಿರ ಹೋಗಿ, ಆಲ್ಬೋರ್ನ್ ತೆರೆದಿಟ್ಟಿದ್ದ ಬಾಗಿಲಿನಿಂದಲೇ ಅದನ್ನು ಒಳಗೆ ಹಾಕಿದ. ಬಟ್ಟೆ ಸುರುಟಿಕೊಂಡು ಭಗ್ಗೆಂದು ಹತ್ತಿತು.

"ಇಲ್ಲಿ ಹಾಳೆ ಇದ್ದದ್ದು ಒಂದೇ," ಎಂದ ಸ್ಟ್ರೂವೆ, ತನ್ನ ಕೈಯಲ್ಲಿದ್ದ ಸುಳ್ಳು ಸುರುಳಿಯನ್ನು ಎತ್ತಿ ತೋರಿಸಿ. "ಇದು. ಈ ಇಬ್ಬರು ಬೇರೇನೋ ನೋಡಿದೆವು ಅಂತಾರೆ. ಅದನ್ನ ಹ್ಯಾನೋವರ್‌ನಲ್ಲಿ ಕೇಳ್ಕೊಳ್ತೀವಿ."

ಅವನು ಆಲ್ಬೋರ್ನ್ ಕಡೆಗೆ ತಿರುಗಿದ. ದನಿಯಲ್ಲಿ ಬೆದರಿಕೆಯೇ ಇರಲಿಲ್ಲ.

"ನೀವು ಇಪ್ಪತ್ತಾರು ವರ್ಷ ಸರ್ಕಾರಿ ಕೆಲಸ ಮಾಡಿದ್ದೀರಿ, ಹೆರ್ ಆಲ್ಬೋರ್ನ್. ನೀವು ಏನಾದ್ರೂ ನೋಡಿದ್ರಾ?"

ಇಬ್ಬರು ಹೆಂಗಸರೂ ಅವನನ್ನೇ ನೋಡುತ್ತಿದ್ದರು. ನೋಡಲಿಲ್ಲ ಎಂದರೆ ಆರು ಗಂಟೆಯ ಬಸ್ಸಿಗೆ ಅವನು ಮನೆ ಸೇರಬಹುದಿತ್ತು. ನೋಡಿದೆ ಎನ್ನಲು ಈ ಭೂಮಿಯ ಮೇಲೆ ಇವರಿಗೆ ಅವನನ್ನು ಬಿಟ್ಟು ಯಾರೂ ಇರಲಿಲ್ಲ. ಕಿಟಕಿಯಾಚೆ ಚಾಲಕ ಆಗಲೇ ಕಾರಿನ ಹಿಂದಿನ ಬಾಗಿಲು ತೆರೆದು ಹಿಡಿದಿದ್ದ. ಆ ಸೀಟಿನಲ್ಲಿ ಮೂರು ಜನ ಕೂರಬಹುದಿತ್ತು.